‘ಗೇಮ್ ಆಫ್ ಥ್ರೋನ್ಸ್’ಗೆ ಸಿಕ್ಕ ಹೊಗಳಿಕೆ ಹೆಚ್ಚಾಯಿತೇ?

ಪ್ರಶ್ನೆ: ಟೆಲಿವಿಷನ್ನಿನಲ್ಲಿ ಇದಕ್ಕೆ ಸಮನಾದದ್ದು ಇನ್ನೊಂದಿಲ್ಲ ಎಂದು ಸಹೋದ್ಯೋಗಿಗಳೆಲ್ಲ ಹೇಳುತ್ತಿದ್ದುದರಿಂದ ಕಾಲ್ಪನಿಕ ರಾಜಮನೆತನಗಳ ಕಥೆಯಾದ ‘ಗೇಮ್ ಆಫ್ ಥ್ರೋನ್ಸ್’ ಸರಣಿಯನ್ನು ತಡವಾಗಿ, ಒಬ್ಬಳೇ ಕುಳಿತು ನೋಡಲು ಆರಂಭಿಸಿದೆ. ಮೊದಲ ನಾಲ್ಕೈದು ಕಂತುಗಳಲ್ಲಿ ಯಾರು ಯಾರ ಮಗ, ಯಾವ ಮನೆತನ ಎಲ್ಲಿಯದು ಎಂಬುದೇ ತಿಳಿಯಲಿಲ್ಲ. ಆಮೇಲೆ ಕಥೆ ಹಿಡಿಯಿತು. ಮೂರನೆಯ ಸೀಸನ್ನಿನ ಮದುವೆಯ ಕಂತು ನೋಡಿದ ರಾತ್ರಿ ನಿದ್ದೆ ಬರಲಿಲ್ಲ. ಆದರೆ ಐದನೆಯ ಸೀಸನ್ನಿನಲ್ಲಿ ಸ್ಟಾರ್ಕ್ ಮನೆತನದ ಸಾನ್ಸಾಳ ಮದುವೆಯ ರಾತ್ರಿಯ ಅತ್ಯಾಚಾರದ ದೃಶ್ಯ ಬಂದಾಗ ನಿಲ್ಲಿಸಿಬಿಟ್ಟೆ. ಇದನ್ನು ಹೇಳಿದರೆ, ‘ಆ ಕಾಲ ಇದ್ದದ್ದೇ ಹಾಗೆ, ವಾಸ್ತವವನ್ನು ನೋಡುವ ಗಟ್ಟಿತನ ನಿನಗಿಲ್ಲ’ ಎನ್ನುತ್ತಾರೆ. ಕೊನೆಯ ಸೀಸನ್ನನ್ನು ಮಾತ್ರ ಅವರೇ ಬಾಯಿತುಂಬ ಬೈಯುತ್ತಾರೆ. ಕಥೆ ಹೇಗೆ ಮುಗಿಯುತ್ತದೆ ಎಂಬುದೂ ಅವರ ಮಾತಿನಿಂದಲೇ ನನಗೆ ತಿಳಿದುಹೋಗಿದೆ. ಈ ಸರಣಿ ಓವರ್‌ರೇಟೆಡ್ ಅಲ್ಲವೇ? ಅಥವಾ ಕೊರತೆ ನನ್ನ ಅಭಿರುಚಿಯಲ್ಲಿದೆಯೇ? ಮುಂದುವರಿಸಲೇ, ಬಿಡಲೇ, ಇದರ ಮೂಲ ಕಾದಂಬರಿಗಳನ್ನೇ ಓದಲೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳು ಹೆಣೆದುಕೊಂಡಿವೆ. ಈ ಸರಣಿ ತನ್ನ ಕೀರ್ತಿಗೆ ಎಷ್ಟು ತಕ್ಕದ್ದು ಎಂಬುದು ಒಂದು. ಎಲ್ಲರೂ ಮೆಚ್ಚಿದ್ದು ನನಗೆ ಸೇರದಿದ್ದರೆ ತಪ್ಪು ನನ್ನದೇ ಎಂಬ ಅಳುಕು ಇನ್ನೊಂದು. ಎರಡನೆಯದಕ್ಕೆ ಉತ್ತರ ಚಿಕ್ಕದು: ತಪ್ಪು ನಿಮ್ಮದಲ್ಲ, ಮತ್ತು ನೀವು ನಿಲ್ಲಿಸಿದ ಜಾಗ ಕಾಕತಾಳೀಯವೂ ಅಲ್ಲ. ಮೊದಲನೆಯದಕ್ಕೆ ಹೌದು ಅಥವಾ ಇಲ್ಲ ಎಂದು ಒಂದೇ ಮಾತಿನಲ್ಲಿ ಹೇಳಲು ಬರುವುದಿಲ್ಲ. ಚಿತ್ರಕಥೆಗಳನ್ನು ತಿದ್ದುವ ಮತ್ತು ಕಲಿಸುವ ಕೆಲಸವನ್ನು ಬಹಳ ವರ್ಷಗಳಿಂದ ಮಾಡುತ್ತಿರುವ ನಾನು ಈ ಸರಣಿಯ ಮೊದಲ ನಾಲ್ಕು ಸೀಸನ್‌ಗಳನ್ನು ಪಾಠಕ್ಕಾಗಿ ಮತ್ತೆ ಮತ್ತೆ ನೋಡಿದ್ದೇನೆ. ಅವುಗಳಿಗೆ ಸಿಕ್ಕ ಹೊಗಳಿಕೆ ಪ್ರಮಾಣದಲ್ಲಿ ಹೆಚ್ಚಲ್ಲ ಎಂದೇ ನನ್ನ ಅಭಿಪ್ರಾಯ. ಆದರೆ ಆ ಹೊಗಳಿಕೆ ಬಹುಪಾಲು ತಪ್ಪು ಕಾರಣಕ್ಕೆ ಸಿಕ್ಕಿತು, ಮತ್ತು ಆ ತಪ್ಪು ಕಾರಣವನ್ನೇ ಸರಣಿಯೂ ಕ್ರಮೇಣ ನಂಬಿತು ಎಂಬುದು ನನ್ನ ದೂರು.

ಕೀರ್ತಿ ಹೇಗೆ ಬೆಳೆಯಿತು ಎಂಬುದನ್ನು ಮೊದಲು ನೋಡೋಣ. ಎಚ್‌ಬಿಒ ವಾಹಿನಿಯಲ್ಲಿ 2011ರ ಏಪ್ರಿಲ್ 17ರಂದು ಆರಂಭವಾದ ಸರಣಿ 2019ರ ಮೇ 19ರಂದು 73ನೆಯ ಕಂತಿನೊಂದಿಗೆ ಮುಗಿಯಿತು. ಆ ಎಂಟು ವರ್ಷ ಜನ ಅದನ್ನು ವಾರಕ್ಕೊಂದು ಕಂತಿನಂತೆ ನೋಡಿದರು. ಒಂದು ಕಂತಿಗೂ ಇನ್ನೊಂದಕ್ಕೂ ನಡುವೆ ಏಳು ದಿನಗಳ ಊಹೆ, ವಾದ, ಜಗಳ ನಡೆಯುತ್ತಿದ್ದವು, ಎರಡು ಸೀಸನ್‌ಗಳ ನಡುವೆ ಸುಮಾರು ಒಂದು ವರ್ಷದ ಕಾಯುವಿಕೆ ಇರುತ್ತಿತ್ತು. ನಿಮ್ಮ ಸಹೋದ್ಯೋಗಿಗಳ ಮನಸ್ಸಿನಲ್ಲಿರುವುದು ಆ 73 ಕಂತುಗಳಷ್ಟೇ ಅಲ್ಲ, ಅವುಗಳ ಸುತ್ತ ಅವರು ಬದುಕಿದ ಸೋಮವಾರಗಳೂ ಅದರಲ್ಲಿ ಸೇರಿವೆ. ನೀವು ಒಬ್ಬರೇ, ರಾತ್ರಿಗೆ ಎರಡು ಮೂರು ಕಂತುಗಳಂತೆ, ಅದೂ ಸದಾ ಆ ಹೊಗಳಿಕೆಯನ್ನು ಕೇಳುತ್ತ ನೋಡಿದ್ದೀರಿ. ಅವರು ನೋಡಿದ್ದು ಒಂದು, ನೀವು ನೋಡಿದ್ದು ಇನ್ನೊಂದು ಎಂದರೂ ತಪ್ಪಾಗದು. ಪ್ರಶಸ್ತಿಗಳ ವಿಷಯಕ್ಕೆ ಬಂದರೆ ಸರಣಿಗೆ ಅಮೆರಿಕದ ಟೆಲಿವಿಷನ್ ಕ್ಷೇತ್ರದ ಎಮ್ಮಿ ಪ್ರಶಸ್ತಿಗಳು ಒಟ್ಟು 59 ಬಂದಿವೆ. ಅವುಗಳನ್ನು ಅಳತೆಗೋಲು ಮಾಡಿಕೊಳ್ಳುವವರು ಒಂದು ಸಂಗತಿಯನ್ನು ನೆನಪಿಡಬೇಕು: 15 ಲಕ್ಷಕ್ಕೂ ಹೆಚ್ಚು ಮಂದಿ ‘ಇದನ್ನು ಮತ್ತೆ ಚಿತ್ರೀಕರಿಸಿ’ ಎಂದು ಅಂತರ್ಜಾಲದ ಮನವಿಗೆ ಸಹಿ ಹಾಕಿದ ಅದೇ ಎಂಟನೆಯ ಸೀಸನ್ನಿಗೆ 2019ರಲ್ಲಿ ಅತ್ಯುತ್ತಮ ಡ್ರಾಮಾ ಸರಣಿ ಎಂಬ ಎಮ್ಮಿಯೂ ಸೇರಿ 12 ಎಮ್ಮಿಗಳು ಬಂದವು.

ಹೆಸರುಗಳು ಗೊಂದಲಕ್ಕೆ ಕೆಡವಿದವು ಎಂದಿದ್ದೀರಿ. ಅದಕ್ಕೆ ನೀವು ನಾಚಬೇಕಾಗಿಲ್ಲ. 2009ರಲ್ಲಿ ಚಿತ್ರೀಕರಿಸಿದ ಮೊತ್ತಮೊದಲ ಪ್ರಾಯೋಗಿಕ ಕಂತನ್ನು ಸರಣಿಯ ರೂವಾರಿಗಳಾದ ಡೇವಿಡ್ ಬೆನಿಯಾಫ್ ಮತ್ತು ಡಿ. ಬಿ. ವೈಸ್ ತಮ್ಮ ಸ್ನೇಹಿತರಿಗೆ ತೋರಿಸಿದಾಗ, ಗುಟ್ಟಾಗಿ ಪ್ರೇಮಿಗಳಾದ ರಾಣಿ ಸರ್ಸಿ ಮತ್ತು ಜೇಮಿ ಅಕ್ಕ-ತಮ್ಮಂದಿರು ಎಂಬುದೇ ನೋಡಿದವರಿಗೆ ತಿಳಿದಿರಲಿಲ್ಲ. ಕಥೆಯ ಬೀಗದ ಕೈಯೇ ಆ ಸಂಬಂಧ. ಆ ಕಂತಿನ ಬಹುಭಾಗವನ್ನು ಬದಿಗಿಟ್ಟು ಹೊಸದಾಗಿ ಚಿತ್ರೀಕರಿಸಬೇಕಾಯಿತು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ‘ಈ ಸರಣಿಯಲ್ಲಿ ಯಾರು ಯಾವಾಗ ಬೇಕಾದರೂ ಸಾಯಬಹುದು’ ಎಂಬುದು ಇದರ ಬಗ್ಗೆ ಅತಿ ಹೆಚ್ಚು ಕೇಳಿಬರುವ ಹೊಗಳಿಕೆ. ನನ್ನ ಅನುಭವದಲ್ಲಿ ಇದರಷ್ಟು ದಾರಿ ತಪ್ಪಿಸುವ ಮಾತು ಬೇರೊಂದಿಲ್ಲ. ಯಾರು ಬೇಕಾದರೂ ಯಾವಾಗ ಬೇಕಾದರೂ ಸಾಯುವಂತೆ ಬರೆಯುವುದು ಬಹಳ ಸುಲಭ. ಹೊಸದಾಗಿ ಬರೆಯುವವರು ನನ್ನ ಬಳಿ ತರುವ ಕರಡುಗಳಲ್ಲಿ ಪ್ರತಿ ಇಪ್ಪತ್ತು ಪುಟಕ್ಕೊಂದು ಹೆಣ ಬೀಳುತ್ತದೆ, ಓದುವವರಿಗೆ ಏನೂ ಅನ್ನಿಸುವುದಿಲ್ಲ. ಮೊದಲ ಸೀಸನ್ನುಗಳಲ್ಲಿ ನಡೆದದ್ದು ಇದಕ್ಕೆ ತೀರ ವಿರುದ್ಧವಾದದ್ದು: ಅಲ್ಲಿ ಕಾರಣವಿಲ್ಲದೆ ಮುಖ್ಯರಾದ ಯಾರೂ ಸಾಯುವುದಿಲ್ಲ.

ನೆಡ್ ಸ್ಟಾರ್ಕ್ ಮೊದಲ ಸೀಸನ್ನಿನ ಒಂಬತ್ತನೆಯ ಕಂತಿನಲ್ಲಿ ತಲೆ ಕಳೆದುಕೊಳ್ಳುತ್ತಾನೆ. ಅದರ ಮೂಲ ಏಳನೆಯ ಕಂತಿನ ತೋಟದಲ್ಲಿದೆ. ರಾಣಿಯ ಮಕ್ಕಳು ರಾಜನವರಲ್ಲ, ಜೇಮಿಯವರು ಎಂಬ ಜನ್ಮರಹಸ್ಯ ತನಗೆ ಗೊತ್ತಾಗಿದೆ ಎಂದು ಅವನು ಸರ್ಸಿಗೆ ತಾನಾಗಿಯೇ ಹೇಳಿ, ಮಕ್ಕಳನ್ನು ಕರೆದುಕೊಂಡು ಓಡಿಹೋಗಲು ಅವಳಿಗೆ ಸಮಯ ಕೊಡುತ್ತಾನೆ. ಮಕ್ಕಳು ಸಾಯಬಾರದು ಎಂಬ ಕರುಣೆಯೇ ಅವನ ಕೊರಳಿಗೆ ಕತ್ತಿಯಾಗುತ್ತದೆ. ನೆಡ್‌ನ ಮಗ ರಾಬ್ ಕೊಲೆಯಾಗುವ, ನಿಮ್ಮ ನಿದ್ದೆ ಕೆಡಿಸಿದ ಮದುವೆಯ ಕಂತನ್ನು ತೆಗೆದುಕೊಳ್ಳಿ. ನದಿ ದಾಟಲು ವಾಲ್ಡರ್ ಫ್ರೇಯ ಸೇತುವೆ ಬೇಕಾಗಿ, ಅವನ ಮಗಳನ್ನು ಮದುವೆಯಾಗುವುದಾಗಿ ರಾಬ್ ಮಾತು ಕೊಟ್ಟದ್ದು ಮೊದಲ ಸೀಸನ್ನಿನಲ್ಲಿ. ಪ್ರೀತಿಸಿದವಳನ್ನು ವರಿಸಿ ಆ ಮಾತನ್ನು ಮುರಿದದ್ದು ಎರಡನೆಯದರ ಕೊನೆಯಲ್ಲಿ. ಸೆರೆಯಾಳು ಬಾಲಕರನ್ನು ಕೊಂದ ತನ್ನದೇ ಸರದಾರ ಕಾರ್‌ಸ್ಟಾರ್ಕ್‌ನ ತಲೆ ತೆಗೆದು ತನ್ನ ಸೇನೆಯ ಒಂದು ದೊಡ್ಡ ಪಾಲನ್ನು ಕಳೆದುಕೊಂಡದ್ದು ಮೂರನೆಯದರ ನಡುವೆ. ಸೇನೆ ಕರಗಿದ್ದರಿಂದಲೇ ಅವನು, ತಾನು ಅವಮಾನಿಸಿದ ಮನೆಯ ಬಾಗಿಲಿಗೆ ಮತ್ತೆ ಹೋಗಬೇಕಾಗುತ್ತದೆ. ಆ ಹೊತ್ತಿಗೆ ಶತ್ರುಪಕ್ಷದ ಮುಖ್ಯಸ್ಥ, ಸರ್ಸಿಯ ತಂದೆ ಟೈವಿನ್ ಲ್ಯಾನಿಸ್ಟರ್ ಪತ್ರ ಬರೆದಾಗಿದೆ, ರಾಬ್‌ನದೇ ಸರದಾರ ರೂಸ್ ಬೋಲ್ಟನ್ ಸೋಲುವ ಪಕ್ಷ ಯಾವುದೆಂದು ಲೆಕ್ಕ ಹಾಕಿ ಮುಗಿಸಿದ್ದಾನೆ. ನನ್ನ ವಿದ್ಯಾರ್ಥಿಗಳಿಗೆ ನಾನು ಕೊಡುವ ಒಂದು ಅಭ್ಯಾಸವೆಂದರೆ, ಆ ಸಭಾಂಗಣದಿಂದ ಹಿಂದಕ್ಕೆ ನಡೆದು, ಒಬ್ಬನ ನಿರ್ಧಾರದಿಂದ ಇನ್ನೊಬ್ಬನ ನಿರ್ಧಾರಕ್ಕೆ ಹೋಗುತ್ತ, ಎಲ್ಲಿಯವರೆಗೆ ದಾರ ಕಡಿಯದೆ ಹೋಗಬಹುದೋ ನೋಡಿ ಬನ್ನಿ ಎಂಬುದು. ಬಹುತೇಕರು ಮೊದಲ ಕಂತಿನವರೆಗೂ ತಲುಪುತ್ತಾರೆ. ಅಂದು ನಿಮ್ಮ ನಿದ್ದೆ ಕೆಡಿಸಿದ್ದು ರಕ್ತವಾಗಿರಲಿಕ್ಕಿಲ್ಲ. ‘ಇದನ್ನು ನಾನು ಮೊದಲೇ ಕಾಣಬಹುದಾಗಿತ್ತು’ ಎಂಬ ಅರಿವಾಗಿದ್ದಿರಬೇಕು.

ಇದರಷ್ಟೇ ದೊಡ್ಡದಾದ, ಆದರೆ ಯಾರೂ ಹೆಚ್ಚು ಮಾತನಾಡದ ಇನ್ನೊಂದು ಗುಣವಿದೆ: ಇಬ್ಬರು ಒಂದು ಕೋಣೆಯಲ್ಲಿ ಕುಳಿತು ಮಾತನಾಡುವ ದೃಶ್ಯಗಳು. ಮೊದಲ ಸೀಸನ್ನಿನ ಕೆಲವು ಕಂತುಗಳು ನಿಗದಿತ ಅವಧಿಗಿಂತ ಚಿಕ್ಕದಾಗಿ ಬಂದಾಗ, ಹಣವೂ ಹೆಚ್ಚಿಲ್ಲದೆ, ಕಾದಂಬರಿಯಲ್ಲಿಲ್ಲದ ಮಾತಿನ ದೃಶ್ಯಗಳನ್ನು ಬರೆದು ಸೇರಿಸಲಾಯಿತು. ರಾಜ ರಾಬರ್ಟ್ ಮತ್ತು ಸರ್ಸಿ ತಮ್ಮ ಹದಿನೇಳು ವರ್ಷಗಳ ಹಾಳಾದ ದಾಂಪತ್ಯವನ್ನು ಕುರಿತು ಒಮ್ಮೆ ಪ್ರಾಮಾಣಿಕವಾಗಿ ಮಾತನಾಡುವ ಐದನೆಯ ಕಂತಿನ ದೃಶ್ಯ ಕಾದಂಬರಿಯಲ್ಲಿ ಇಲ್ಲ. ಎರಡನೆಯ ಸೀಸನ್ನಿನಲ್ಲಿ ನೆಡ್‌ನ ಕಿರಿಯ ಮಗಳು ಆರ್ಯಾ ಟೈವಿನ್‌ನ ಪಾತ್ರೆಗೆ ದ್ರಾಕ್ಷಾರಸ ಸುರಿಯುತ್ತ, ತಾನು ಯಾರೆಂದು ಅವನಿಗೆ ತಿಳಿಯದಂತೆ ಉತ್ತರ ಹುಡುಕುವ ದೃಶ್ಯಗಳೂ ಸರಣಿಯವರದೇ. ಪುಸ್ತಕದಲ್ಲಿ ಅವಳು ಸೇವೆ ಮಾಡುವುದು ರೂಸ್ ಬೋಲ್ಟನ್‌ಗೆ. ಬೆನಿಯಾಫ್ ಮತ್ತು ವೈಸ್‌ಗೆ ಸ್ವಂತ ಬರವಣಿಗೆ ಗೊತ್ತಿರಲಿಲ್ಲ, ಮೂಲ ಕೃತಿ ಮುಗಿದ ಕೂಡಲೇ ಅವರ ಬಣ್ಣ ಬಯಲಾಯಿತು ಎಂಬ ಮಾತನ್ನು ಒಪ್ಪಲು ನನ್ನನ್ನು ತಡೆಯುವುದು ಈ ದೃಶ್ಯಗಳೇ.

‘ಆ ಕಾಲ ಇದ್ದದ್ದೇ ಹಾಗೆ’ ಎಂಬ ವಾದವನ್ನು ಇನ್ನಷ್ಟು ಎಚ್ಚರದಿಂದ ನೋಡಬೇಕು. ಕಾದಂಬರಿಕಾರ ಜಾರ್ಜ್ ಆರ್. ಆರ್. ಮಾರ್ಟಿನ್ ಇತಿಹಾಸದಿಂದ ಸಾಕಷ್ಟು ಪಡೆದಿದ್ದಾರೆ ಎಂಬುದು ನಿಜ. ಸ್ಟಾರ್ಕ್-ಲ್ಯಾನಿಸ್ಟರ್ ವೈರದ ಹಿಂದೆ 15ನೆಯ ಶತಮಾನದ ಇಂಗ್ಲೆಂಡಿನ ಗುಲಾಬಿ ಯುದ್ಧಗಳಿವೆ. ಆ ಮದುವೆಯ ಹಿಂದೆ ಸ್ಕಾಟ್ಲೆಂಡಿನ ಎರಡು ಘಟನೆಗಳಿವೆ. 1440ರಲ್ಲಿ ಎಡಿನ್‌ಬರೊ ಕೋಟೆಗೆ ಊಟಕ್ಕೆ ಕರೆಸಿ ಹದಿಹರೆಯದ ಡಗ್ಲಾಸ್ ಅರ್ಲ್ ಮತ್ತು ಅವನ ತಮ್ಮನನ್ನು ಕೊಲ್ಲಲಾಯಿತು. 1692ರಲ್ಲಿ ಗ್ಲೆನ್‌ಕೋದಲ್ಲಿ ಅತಿಥಿಗಳಾಗಿ ಉಳಿದುಕೊಂಡಿದ್ದ ಸೈನಿಕರು ತಮಗೆ ಸೂರು ಕೊಟ್ಟವರನ್ನೇ ಕೊಂದರು. ಆದರೆ ಈ ಕಥೆ ನಡೆಯುವ ವೆಸ್ಟರೋಸ್ ಎಂಬ ನಾಡು ಎಂದೂ ಇರಲಿಲ್ಲ. ಡ್ರ್ಯಾಗನ್‌ಗಳಿರುವ, ಚಳಿಗಾಲ ವರ್ಷಗಟ್ಟಲೆ ಉಳಿಯುವ ಲೋಕದಲ್ಲಿ ಯಾವುದನ್ನು ತೋರಿಸಬೇಕು, ಎಷ್ಟು ಹೊತ್ತು, ಯಾರ ಕಣ್ಣಿನಿಂದ ತೋರಿಸಬೇಕು ಎಂಬುದೆಲ್ಲ ಬರೆದವರ ಆಯ್ಕೆ. ಅದರ ಹೊಣೆಯನ್ನು ಮಧ್ಯಯುಗದ ತಲೆಗೆ ಕಟ್ಟಲು ಬರುವುದಿಲ್ಲ.

ನೀವು ನಿಲ್ಲಿಸಿದ ಐದನೆಯ ಸೀಸನ್ನಿನ ಆರನೆಯ ಕಂತು ಅಂಥ ಒಂದು ಆಯ್ಕೆ. ಮಾರ್ಟಿನ್ ಅವರ ಕಾದಂಬರಿಯಲ್ಲಿ ರೂಸ್‌ನ ಮಗ ರಾಮ್ಸೆ ಬೋಲ್ಟನ್‌ನನ್ನು ಮದುವೆಯಾಗುವವಳು ಸಾನ್ಸಾ ಅಲ್ಲವೇ ಅಲ್ಲ. ಅವಳ ಬಾಲ್ಯದ ಗೆಳತಿ ಜೇನ್ ಪೂಲ್‌ಗೆ ಆರ್ಯಾಳ ಹೆಸರು ಕೊಟ್ಟು ಮದುವೆ ಮಾಡಿಸಲಾಗುತ್ತದೆ, ಸಾನ್ಸಾ ಆಗ ಬೇರೆಯೇ ಪ್ರಾಂತ್ಯದಲ್ಲಿ ರಾಜಕೀಯ ಕಲಿಯುತ್ತಿರುತ್ತಾಳೆ. ಎರಡು ಪಾತ್ರಗಳನ್ನು ಒಂದಾಗಿಸುವುದು ರೂಪಾಂತರದಲ್ಲಿ ಸಹಜ, ನಾನೂ ಮಾಡಿಸಿದ್ದೇನೆ. ಇಲ್ಲಿ ಕೆಟ್ಟದ್ದು ಬೇರೆ. ತನ್ನ ಆಟವನ್ನು ಅಷ್ಟು ಜಾಗರೂಕತೆಯಿಂದ ಆಡುವ ಲಿಟಲ್‌ಫಿಂಗರ್, ರಾಮ್ಸೆ ಎಂಥವನೆಂದು ವಿಚಾರಿಸದೆಯೇ ಅವಳನ್ನು ಒಪ್ಪಿಸುತ್ತಾನೆ ಎಂಬುದನ್ನು ನಂಬಲಾಗುವುದಿಲ್ಲ. ಅವಳನ್ನು ಅಲ್ಲಿಗೆ ತರಲೇಬೇಕೆಂಬ ಬರವಣಿಗೆಯ ಒತ್ತಡ ಎದ್ದು ಕಾಣುತ್ತದೆ. ಮೇಲಾಗಿ ಆ ದೃಶ್ಯ ಅವಳ ಮೇಲೆ ನಡೆಯುತ್ತಿರುವಾಗಲೇ ಕ್ಯಾಮೆರಾ, ಅಲ್ಲೇ ನಿಂತು ನೋಡುತ್ತಿರುವ, ಹಿಂದೆ ಅವಳ ಮನೆತನಕ್ಕೆ ದ್ರೋಹ ಮಾಡಿದ್ದ ಥಿಯಾನ್‌ನ ಮುಖಕ್ಕೆ ಸರಿದು, ಅವಳ ನೋವನ್ನು ಅವನ ಪಶ್ಚಾತ್ತಾಪದ ಮೆಟ್ಟಿಲಾಗಿಸುತ್ತದೆ. ಮುಂದೆ ಎಂಟನೆಯ ಸೀಸನ್ನಿನಲ್ಲಿ, ಅದೆಲ್ಲ ನಡೆಯದಿದ್ದರೆ ತಾನು ಜೀವಮಾನವಿಡೀ ಪುಟ್ಟ ಹಕ್ಕಿಯಾಗಿಯೇ ಉಳಿಯುತ್ತಿದ್ದೆ ಎಂಬರ್ಥದ ಮಾತನ್ನು ಸಾನ್ಸಾಳ ಬಾಯಿಂದಲೇ ಆಡಿಸುತ್ತಾರೆ. ಇಡೀ ಸರಣಿಯಲ್ಲಿ ನನಗೆ ಅತ್ಯಂತ ನೋವು ಕೊಟ್ಟ ಸಾಲು ಅದು. ಆದ್ದರಿಂದ ನಿಮಗೆ ಆದದ್ದನ್ನು ದೌರ್ಬಲ್ಯವೆಂದು ಕರೆಯಬೇಡಿ. ಕಾರಣವಿರುವ ಹಿಂಸೆಯನ್ನು ಮೂರನೆಯ ಸೀಸನ್ನಿನಲ್ಲಿ ನೀವು ತಾಳಿಕೊಂಡಿರಿ, ಕಾರಣ ಸಡಿಲವಾದ ಕಡೆ ಎದ್ದುಹೋದಿರಿ. ನೋಡುಗರಾಗಿ ನಿಮ್ಮ ಕಣ್ಣು ಚೆನ್ನಾಗಿಯೇ ಕೆಲಸ ಮಾಡಿದೆ.

ಕೊನೆ ಏಕೆ ಹಾಗಾಯಿತು ಎಂಬುದಕ್ಕೆ ‘ಸೋಮಾರಿತನ’ ಎಂಬ ಒಂದೇ ಪದದ ವಿವರಣೆ ಸಾಲದು. ಮಾರ್ಟಿನ್ ಅವರ ಮೊದಲ ಕಾದಂಬರಿ ಬಂದದ್ದು 1996ರಲ್ಲಿ. ಐದನೆಯದು 2011ರ ಜುಲೈನಲ್ಲಿ, ಅಂದರೆ ಮೊದಲ ಸೀಸನ್ ಮುಗಿದ ಮರುತಿಂಗಳು. ಆರನೆಯದು ಸರಣಿ ಮುಗಿಯುವವರೆಗೂ ಬರಲಿಲ್ಲ. 2016ರ ಆರನೆಯ ಸೀಸನ್ನಿನ ಹೊತ್ತಿಗೆ ಸರಣಿ ಪುಸ್ತಕವನ್ನು ದಾಟಿಹೋಗಿತ್ತು. ಬರಹಗಾರರಲ್ಲಿ ಮೊದಲೇ ನಕ್ಷೆ ಹಾಕಿ ಕಟ್ಟುವವರು ಒಂದು ಬಗೆ, ಬೀಜ ನೆಟ್ಟು ಏನು ಬೆಳೆಯುತ್ತದೆಂದು ನೋಡುವ ತೋಟಗಾರರು ಇನ್ನೊಂದು ಬಗೆ ಎಂದು ವಿಂಗಡಿಸಿ, ಮಾರ್ಟಿನ್ ತಮ್ಮನ್ನು ತೋಟಗಾರರ ಸಾಲಿಗೆ ಸೇರಿಸಿಕೊಳ್ಳುತ್ತಾರೆ. ಕಥೆಯ ಮುಖ್ಯ ತಿರುವುಗಳನ್ನು ಅವರು ಬೆನಿಯಾಫ್ ಮತ್ತು ವೈಸ್‌ಗೆ ಮೊದಲೇ ತಿಳಿಸಿದ್ದರು. ಹಾಗಾಗಿ ಇವರ ಕೈಯಲ್ಲಿ ತಲುಪಬೇಕಾದ ಊರಿನ ಹೆಸರಿತ್ತು, ದಾರಿ ಇರಲಿಲ್ಲ. ಬೇರೊಬ್ಬರ ಕರಡನ್ನು ಅರ್ಧದಿಂದ ಕೈಗೆತ್ತಿಕೊಂಡು ಮುಗಿಸಿಕೊಡಬೇಕಾಗಿ ಬಂದ ಯಾರಿಗೂ ಈ ಸಂಕಟ ಹೊಸದಲ್ಲ: ಅಂತ್ಯ ಮೊದಲೇ ಗೊತ್ತಿದ್ದರೆ, ಪಾತ್ರಗಳನ್ನು ಅತ್ತ ನಡೆಸುವ ಬದಲು ಎಳೆದುಕೊಂಡು ಹೋಗುವ ಮನಸ್ಸಾಗುತ್ತದೆ.

ಇದಕ್ಕೆ ಕಂತುಗಳ ಲೆಕ್ಕವೂ ಸೇರಿತು. ಆರು ಸೀಸನ್‌ಗಳು ಹತ್ತು ಹತ್ತು ಕಂತುಗಳವು. ಏಳನೆಯದು ಏಳು, ಎಂಟನೆಯದು ಆರು. ಡ್ರ್ಯಾಗನ್‌ಗಳು ದೊಡ್ಡವಾದಂತೆ, ಯುದ್ಧಗಳು ಹಿಗ್ಗಿದಂತೆ ಒಂದೊಂದು ಕಂತಿಗೆ ತಗಲುವ ದಿನ ಮತ್ತು ಹಣ ಬೆಳೆದವು. ಎಂಟನೆಯ ಸೀಸನ್ನಿನಲ್ಲಿ ಸ್ಟಾರ್ಕ್ ಮನೆತನದ ಕೋಟೆಯಲ್ಲಿ ನಡೆಯುವ ವಿಂಟರ್‌ಫೆಲ್ ಯುದ್ಧವೊಂದಕ್ಕೇ 55 ರಾತ್ರಿಗಳ ಹೊರಾಂಗಣ ಚಿತ್ರೀಕರಣ ನಡೆಯಿತು. ಆದರೆ ಹೆಚ್ಚು ಕಂತುಗಳನ್ನು ಕೊಡಲು ವಾಹಿನಿ ಸಿದ್ಧವಿತ್ತು, ಬೇಡವೆಂದವರು ನಿರ್ಮಾಪಕರೇ. ಈ ವಿಷಯದಲ್ಲಿ ಅವರನ್ನು ನಾನು ಸಮರ್ಥಿಸಲಾರೆ. ಮೊದಲ ಕಂತಿನಲ್ಲಿ ರಾಜನ ಪರಿವಾರ ವಿಂಟರ್‌ಫೆಲ್ ತಲುಪಲು ಒಂದು ತಿಂಗಳು ಹಿಡಿಯುತ್ತದೆ, ಆ ದೂರವೇ ರಾಜಕೀಯವನ್ನು ನಿರ್ಧರಿಸುತ್ತದೆ: ಸುದ್ದಿ ತಡವಾಗಿ ಬರುತ್ತದೆ, ನೆರವು ತಲುಪುವುದಿಲ್ಲ. ಏಳನೆಯ ಸೀಸನ್ನಿನ ಆರನೆಯ ಕಂತಿನಲ್ಲಾದರೋ, ಹೆಪ್ಪುಗಟ್ಟಿದ ಕೆರೆಯ ನಡುವೆ ಸಿಕ್ಕಿಬಿದ್ದವರಿಗಾಗಿ ಒಬ್ಬ ನಾಡಿನ ಉತ್ತರದ ಗಡಿಗೋಡೆಯವರೆಗೆ ಓಡುತ್ತಾನೆ, ಅಲ್ಲಿಂದ ಕಾಗೆ ನಾಡಿನ ದಕ್ಷಿಣಕ್ಕೆ ಹಾರುತ್ತದೆ, ಸಿಂಹಾಸನಕ್ಕೆ ಹಕ್ಕು ಹೂಡಿರುವ ಡೆನೇರಿಸ್ ತನ್ನ ಡ್ರ್ಯಾಗನ್‌ಗಳೊಂದಿಗೆ ಉತ್ತರಕ್ಕೆ ಬರುತ್ತಾಳೆ, ಎಲ್ಲವೂ ಅವರು ಚಳಿಗೆ ಸಾಯುವುದರೊಳಗೆ. ವಿಂಟರ್‌ಫೆಲ್ ಯುದ್ಧದಲ್ಲಿ ಹೆಣಗಳ ರಾಶಿಯ ಕೆಳಗೆ ಹೂತುಹೋದಂತೆ ಕಂಡ ಪ್ರಮುಖರಲ್ಲಿ ಬಹುಪಾಲು ಮಂದಿ ಬೆಳಗ್ಗೆ ಎದ್ದು ನಿಲ್ಲುತ್ತಾರೆ. ಯಾರು ಬೇಕಾದರೂ ಸಾಯಬಹುದು ಎಂದು ಹೆಸರಾದ ಸರಣಿ, ಸಾಯಲೇಬೇಕಾದವರನ್ನು ಉಳಿಸಿಕೊಂಡ ರಾತ್ರಿ ಅದು.

ಡೆನೇರಿಸ್ ಶರಣಾದ ನಗರವನ್ನು ಸುಡುತ್ತಾಳೆ ಎಂಬುದು ನಿಮಗೆ ತಿಳಿದಿರಬೇಕು. ಅದು ತಪ್ಪು ಅಂತ್ಯ ಎಂದು ನಾನು ಹೇಳುವುದಿಲ್ಲ. ಮೀರೀನ್ ನಗರದಲ್ಲಿ 163 ಯಜಮಾನರನ್ನು ಶಿಲುಬೆಗೇರಿಸಿದ ದಿನದಿಂದಲೇ ಆ ಬೀಜ ಅಲ್ಲಿತ್ತು; ಅವಳು ಶತ್ರುಗಳನ್ನು ದಂಡಿಸಿದಾಗಲೆಲ್ಲ ನಾವು ಚಪ್ಪಾಳೆ ತಟ್ಟಿದೆವು, ಆ ಚಪ್ಪಾಳೆಯನ್ನೇ ನಮ್ಮ ಎದುರು ಹಿಡಿಯುವ ಆಲೋಚನೆ ನಿಜಕ್ಕೂ ದೊಡ್ಡದು. ನ್ಯಾಯವಂತೆಯೆಂದು ತನ್ನನ್ನು ನಂಬಿರುವವಳು ಮಕ್ಕಳ ಮೇಲೆ ಬೆಂಕಿ ಸುರಿಯುವಲ್ಲಿಗೆ ಮುಟ್ಟಲು ಹತ್ತು ಹದಿನೈದು ಸಣ್ಣ ಸಣ್ಣ ಹೆಜ್ಜೆಗಳು ಬೇಕಿದ್ದವು. ಎರಡು ಮೂರರಲ್ಲಿ ಮುಗಿಸಿದರು.

ಇನ್ನು ನೀವು ಏನು ಮಾಡಬಹುದು ಎಂಬ ಪ್ರಶ್ನೆ. ಇಲ್ಲಿಗೇ ಬಿಟ್ಟುಬಿಡುವುದು ಗೌರವದ ಆಯ್ಕೆಯೇ. ನಾಲ್ಕನೆಯ ಸೀಸನ್ನಿನ ಕೊನೆಯಲ್ಲಿ ಮಗ ಟಿರಿಯನ್ ಮತ್ತು ತಂದೆ ಟೈವಿನ್ ನಡುವಿನ ಲೆಕ್ಕ ಚುಕ್ತಾ ಆಗುವುದನ್ನು ನೀವು ನೋಡಿದ್ದೀರಿ, ಸರಣಿಯ ಉತ್ತಮಾಂಶ ನಿಮಗೆ ಸಿಕ್ಕಿದೆ. ಇದರ ನಷ್ಟವೆಂದರೆ ಮುಂದೆ ಬರುವ ಕೆಲವು ಅಸಾಧಾರಣ ಗಂಟೆಗಳು ತಪ್ಪಿಹೋಗುತ್ತವೆ. ಆರನೆಯ ಸೀಸನ್ನಿನ ಕೊನೆಯವರೆಗೆ ನೋಡಿ ನಿಲ್ಲಿಸುವುದು ನಾನು ಹೆಚ್ಚಿನವರಿಗೆ ಹೇಳುವ ದಾರಿ. ಆ ಸೀಸನ್ನಿನ ಕೊನೆಯ ಕಂತಿನ ಮೊದಲ ಭಾಗದಲ್ಲಿ ರಮಿನ್ ಜವಾದಿಯವರ ಪಿಯಾನೊ ಮೆಲ್ಲನೆ ಆರಂಭವಾಗಿ ದುರಂತವನ್ನು ಮೊದಲೇ ತಿಳಿಸುವ ರೀತಿ ಟೆಲಿವಿಷನ್ನಿನಲ್ಲಿ ಅಪರೂಪ. ಕೊನೆಯ 13 ಕಂತುಗಳನ್ನೂ ನೋಡುತ್ತೇನೆಂದರೆ ಬೇಡವೆನ್ನಲಾರೆ, ಏಕೆಂದರೆ ಅಂತ್ಯ ಮೊದಲೇ ತಿಳಿದವರಿಗೆ ಅಲ್ಲಿ ಆಗುವ ನಿರಾಶೆ ಕಡಿಮೆ. ಆದರೆ ಮಾತಿನ ದೃಶ್ಯಗಳ ಹರಿತವನ್ನು ಅಲ್ಲಿ ಹುಡುಕಬೇಡಿ.

ಕಾದಂಬರಿಗಳು ನಿಮಗೆ ಹೆಚ್ಚು ಒಗ್ಗಬಹುದು ಎಂದು ನಿಮ್ಮ ಪತ್ರ ಓದಿದಾಗ ಅನ್ನಿಸಿತು. ಪ್ರತಿ ಅಧ್ಯಾಯವೂ ಒಂದು ಪಾತ್ರದ ಮನಸ್ಸಿನೊಳಗಿಂದ ನಡೆಯುತ್ತದೆ. ಸಾನ್ಸಾಳ ಭಯ, ಅವಳ ಸುಳ್ಳುಗಳು, ತನ್ನನ್ನೇ ನಂಬಿಸಿಕೊಳ್ಳುವ ರೀತಿ, ಎಲ್ಲವೂ ಅವಳದೇ ದನಿಯಲ್ಲಿ ಸಿಗುತ್ತವೆ. ರಾಬ್‌ಗೆ ಪುಸ್ತಕದಲ್ಲಿ ಒಂದೂ ಅಧ್ಯಾಯವಿಲ್ಲ, ಅವನ ಯುದ್ಧವನ್ನು ನಾವು ತಾಯಿ ಕೇಟ್ಲಿನ್‌ಳ ಕಣ್ಣಿನಿಂದ ಕಾಣುತ್ತೇವೆ ಎಂಬುದೊಂದೇ ಆ ಮದುವೆಯನ್ನು ಬೇರೆಯೇ ಅನುಭವವಾಗಿಸುತ್ತದೆ. ಎರಡು ಅಪಾಯಗಳನ್ನು ಹೇಳಿಯೇ ತೀರಬೇಕು. ಲೈಂಗಿಕ ಹಿಂಸೆ ಪುಸ್ತಕದಲ್ಲೂ ಇದೆ, ಜೇನ್ ಪೂಲ್‌ಳ ಪಾಡು ಸರಣಿಯಲ್ಲಿ ಕಂಡದ್ದಕ್ಕಿಂತ ಕ್ರೂರ. ಮತ್ತು ಐದು ದಪ್ಪ ಸಂಪುಟಗಳ ನಂತರ ಕಥೆ ನಡುದಾರಿಯಲ್ಲೇ ನಿಲ್ಲುತ್ತದೆ. ಅಪೂರ್ಣತೆಯನ್ನು ಸಹಿಸಲಾರದವರು ಮೂರನೆಯ ಸಂಪುಟದ ಕೊನೆಗೆ ನಿಲ್ಲಿಸಿದರೆ ಒಂದು ದೊಡ್ಡ ಕಥೆ ಮುಗಿದಂತೆಯೇ ಇರುತ್ತದೆ.

ಸರಣಿಯನ್ನೇ ಮುಂದುವರಿಸುವ ಮನಸ್ಸಾದರೆ, ಐದನೆಯ ಸೀಸನ್ನಿನ ಏಳನೆಯ ಕಂತನ್ನು ಬಿಟ್ಟು ನೇರವಾಗಿ ಎಂಟನೆಯದಕ್ಕೆ, ‘ಹಾರ್ಡ್‌ಹೋಮ್’ಗೆ ಬನ್ನಿ. ಮಿಗೆಲ್ ಸಪೊಚ್ನಿಕ್ ನಿರ್ದೇಶಿಸಿದ ಆ ಕಂತಿನ ಕೊನೆಯಲ್ಲಿ ದೋಣಿ ದಡದಿಂದ ದೂರ ಸರಿಯುವಾಗಿನ ಮೌನವನ್ನು ನೀವು ಕೇಳಲೇಬೇಕು. ಅದರ ಮುಂದಿನ ಕಂತಿನಲ್ಲಿ ತಂದೆಯೊಬ್ಬ ತನ್ನ ಮಗಳನ್ನು ಜೀವಂತ ಸುಡಿಸುವ ದೃಶ್ಯವಿದೆ, ಹತ್ತನೆಯದರಲ್ಲಿ ಸರ್ಸಿಯನ್ನು ಬೆತ್ತಲೆಯಾಗಿ ಬೀದಿಯಲ್ಲಿ ನಡೆಸುತ್ತಾರೆ. ಎರಡೂ ಎಚ್ಚರಿಕೆಯಿಲ್ಲದೆ ಎದುರಾಗಬಾರದು ಎಂದು ಹೇಳುತ್ತಿದ್ದೇನೆ. ಆ ಹೊತ್ತಿಗೆ ರಿಮೋಟ್ ನಿಮ್ಮ ಕೈಯಲ್ಲಿರಲಿ. ಸಾನ್ಸಾ ರಾಮ್ಸೆಯ ಕೋಟೆಯಿಂದ ಪಾರಾಗುವುದೂ ಹತ್ತನೆಯ ಕಂತಿನಲ್ಲೇ.